ಲೈಬ್ರರಿ ಸುಜಾತಾ ಬಾವಿ ಗೆದ್ದದ್ದು

ರಾಯಚೂರಿನ ಕೋರ್ಟಿನಲ್ಲಿ ಕರಿಕೋಟು ತೊಟ್ಟವರು ನೂರಾರು ಮಂದಿ ಇದ್ದೇವೆ. ನಮ್ಮಲ್ಲಿ ಕಾನೂನು ಬಲ್ಲವರೆಷ್ಟು ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಆದರೆ ಕಾನೂನು ಯಾವ ಕಪಾಟಿನ ಎಷ್ಟನೆಯ ಅರೆಯಲ್ಲಿದೆ, ಅದರ ಯಾವ ಹಾಳೆಯನ್ನು ಯಾವ ವಕೀಲರು ಹರಿದು ಜೇಬಿಗಿಳಿಸಿದರು, ಹರಿದುಕೊಂಡು ಹೋದ ಮೇಲೂ ಆ ಕೇಸನ್ನು ಹೇಗೆ ಸೋತರು ಎಂಬುದನ್ನೆಲ್ಲ ಬಲ್ಲವರು ಒಬ್ಬರೇ. ಅವರು ನಮ್ಮ ವಕೀಲರ ಸಂಘದ ಗ್ರಂಥಾಲಯದ ಸುಜಾತಾ ಮೇಡಂ. ಕೋಟಿಲ್ಲ, ವಕೀಲಿಯ ಸನದಿಲ್ಲ, ಕಕ್ಷಿದಾರರಿಲ್ಲ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ರಬ್ಬರ್ ಸ್ಟಾಂಪು, ತಲೆಯ ಮೇಲೆ ‘ಸದ್ದು ಮಾಡಬಾರದು’ ಎಂಬ ಬೋರ್ಡು. ಆ ಬೋರ್ಡಿನ ಕೆಳಗೇ ವಕೀಲ ಅಂಬರೀಶ ಊಟವಾದ ಮೇಲೆ ಗೊರಕೆ ಹೊಡೆಯುತ್ತಾರೆ. ಮೇಡಂ ಬಂದು ಮೇಜಿನ ಮೇಲೆ ಸ್ಟಾಂಪು ಕುಟ್ಟುತ್ತಾರೆ. ಅಂಬರೀಶ ಬೆಚ್ಚಿ ಎದ್ದು, “ನನ್ನ ತಕರಾರು ಅದ ಸ್ವಾಮಿ!” ಎಂದು ಎದುರಿಗಿದ್ದ ಕಪಾಟಿಗೆ ಕೈಮುಗಿಯುತ್ತಾರೆ.

ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ ದಾಟಿ ಒಳದಾರಿ ಹಿಡಿದರೆ ಸಿಗುವ ಬೂದಿನಕಟ್ಟಿ ಮೇಡಂ ಅವರ ಊರು. ಕೂಲಿಯವರ ಓಣಿಯಲ್ಲಿ ಹುಟ್ಟಿ, ಹತ್ತಿ ಬಿಡಿಸಿದ ಕೈಯಲ್ಲೇ ಪರೀಕ್ಷೆ ಬರೆದು, ಆ ಓಣಿಯ ಮೊದಲ ಪದವೀಧರೆಯಾದರು. ರಾಯಚೂರಿಗೆ ಬಂದು ಕೆಲಸಕ್ಕೆ ಸೇರಿದ ದಿನ, ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ದಪ್ಪ ಉರ್ದು ಸಂಪುಟಗಳನ್ನು ತೋರಿಸಿ “ಇವೇನ್ರಿ?” ಎಂದು ಕೇಳಿದರಂತೆ.

“ನಿಜಾಮನ ಕಾಲದ ತೀರ್ಪು,” ಎಂದರು ಒಬ್ಬ ಹಿರಿಯ ವಕೀಲರು. “ಗೆದ್ದಾವ್ರೂ ಸತ್ರು, ಸೋತಾವ್ರೂ ಸತ್ರು, ಓದಾವ್ರೂ ಸತ್ರು. ರದ್ದಿ ಅದವ್ವ, ರದ್ದಿ.”

ಗ್ರಂಥಪಾಲಕರ ಎದುರು ‘ರದ್ದಿ’ ಎನ್ನುವುದೂ ಒಂದೇ, ತಾಯಿಯ ಎದುರು ಕೂಸನ್ನು ಕೋತಿ ಎನ್ನುವುದೂ ಒಂದೇ. ಆ ಸಂಜೆಯೇ ಮೇಡಂ ಕೋಟೆ ಹತ್ತಿರದ ಓಣಿಯಲ್ಲಿದ್ದ ದಾವಲ್ ಬೀ ಟೀಚರ ಬಾಗಿಲು ತಟ್ಟಿದರು. ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಿವೃತ್ತರಾಗಿದ್ದ ಟೀಚರಿಗೆ ಹಿಂಡಲು ಕಿವಿಯಿಲ್ಲದೆ ಬೆರಳು ತುರಿಸುತ್ತಿದ್ದ ಕಾಲ ಅದು. ಎರಡು ವರ್ಷದಲ್ಲಿ ಮೇಡಂ ಉರ್ದು ಓದಲು ಕಲಿತರು. ಕಿವಿ ತುಸು ಉದ್ದವಾಯಿತು ಎಂದು ಅವರೇ ಹೇಳುತ್ತಾರೆ.

ಅಲ್ಲಿಂದ ಶುರುವಾಯಿತು ದಂಡಯಾತ್ರೆ. ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲಂತೂ ಅದಕ್ಕೆ ತಡೆಯೇ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಒಂದು ಭೂತಗನ್ನಡಿ, ಒಂದು ಹಲ್ಲುಜ್ಜುವ ಬ್ರಷ್ಷು ಹಿಡಿದು ಅವರು ಬಸ್‌ಸ್ಟ್ಯಾಂಡಿಗೆ ಬಿಜಯಂಗೈಯುತ್ತಿದ್ದರು. ಬ್ರಷ್ಷು ಹಲ್ಲಿಗಲ್ಲ, ಕಲ್ಲಿನ ಮೇಲಿನ ಅಕ್ಷರದ ಸಂದಿಗೆ. “ಮೇಡಂ, ಈ ವಾರ ಯಾವ ಊರ ಮ್ಯಾಲ ದಾಳಿ?” ಎಂದು ಕಂಡಕ್ಟರು ಕೇಳುವುದು, ಇವರು ಆಧಾರ್ ಕಾರ್ಡನ್ನು ಕತ್ತಿಯಂತೆ ಸೆಳೆದು “ದೇವದುರ್ಗ!” ಎನ್ನುವುದು ವಾಡಿಕೆಯಾಯಿತು. ಹಳೆಯ ಕೋಟೆ, ದರ್ಗಾ, ಮಸೀದಿ, ಗುಡಿ, ಹಿಂದೊಮ್ಮೆ ಕಚೇರಿ ನಡೆದಿದ್ದ ಚಾವಡಿ, ಮುನ್ಸಿಫರ ಕುದುರೆ ಕಟ್ಟುತ್ತಿದ್ದ ಗೂಟದ ಕಲ್ಲು, ಯಾವುದನ್ನೂ ಬಿಡಲಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಮಹಾ ಉದ್ದದ ಶಾಸನದ ಕಲ್ಲಿನ ಮುಂದೆ ನಿಂತು ಇಡೀ ಮಧ್ಯಾಹ್ನ ಕಳೆದದ್ದುಂಟು. ಅವರ ಯಜಮಾನರು ಉದಯಕುಮಾರ, ಯರಗೇರಾದಲ್ಲಿ ಗಣಿತದ ಮೇಷ್ಟ್ರು, “ನಮ್ಮನಿಯಾಕಿ ಕಲ್ಲು ಓದತಾಳ, ನಾ ಅಕ್ಕ್ಯಾಗಿನ ಕಲ್ಲು ಆರಿಸ್ತೀನಿ,” ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಈ ಯಾತ್ರೆಗಳ ಫಲವಾಗಿ ಮೇಡಂ ಒಂದು ಮಹಾಸೂತ್ರವನ್ನು ಕಂಡುಹಿಡಿದಿದ್ದರು. ನಿಜಾಮರ ಸೀಮೆಯಲ್ಲಿ ಎರಡು ಬಗೆಯ ವರ್ಷಗಳು ನಡೆಯುತ್ತಿದ್ದವು. ಒಂದು ಹಿಜರಿ, ಅಂದರೆ ಮೊಹರಂ–ರಂಜಾನಿನ ಲೆಕ್ಕ. ಇನ್ನೊಂದು ಫಸಲಿ, ಅಂದರೆ ಬೆಳೆಯನ್ನು ನೋಡಿ ಸರ್ಕಾರ ಇಟ್ಟುಕೊಂಡ ಲೆಕ್ಕ. ಎರಡೂ ಸಾವಿರದ ಮುನ್ನೂರರ ಸುತ್ತಮುತ್ತಲೇ ಸುಳಿಯುತ್ತವೆ. ಆದರೆ ಒಂದೇ ಅಂಕಿ ಹಿಜರಿಯಾದರೆ ಒಂದು ಕಾಲ, ಫಸಲಿಯಾದರೆ ಅದಕ್ಕಿಂತ ಒಂಬತ್ತು ವರ್ಷ ಈಚಿನ ಕಾಲ. ನೂರಾರು ಕಲ್ಲು ಓದಿದ ಅನುಭವದಿಂದ ಮೇಡಂ ಒಂದು ಕಾರ್ಡಿನ ಮೇಲೆ ದುಂಡಗೆ ಬರೆದು ಕಪಾಟಿಗೆ ಅಂಟಿಸಿದ್ದರು: ‘ಕಲ್ಲಾದರೆ ಹಿಜರಿ, ಕಾಗದವಾದರೆ ಫಸಲಿ.’ ಇಂಥ ಸೂತ್ರ ಸಿಕ್ಕಿದ ಮೇಲೆ ಯಾವ ಪಂಡಿತರೂ ಸುಮ್ಮನೆ ಉಳಿದದ್ದಿಲ್ಲ. ಮೇಡಂ ಕೂಡ ತುಸು ಬೀಗಿದ್ದರು.

ಹೀಗಿರಲು ಒಂದು ಶುಕ್ರವಾರ ಬೂದಿನಕಟ್ಟಿಯಿಂದ ತಾಯಿ ಅಮರಮ್ಮನವರ ಫೋನು ಬಂತು. ಅವರಿಗೆ ಎಪ್ಪತ್ತೇಳು. ಫೋನೆಂದರೆ ದೂರದವರಿಗೆ ಕೂಗುವ ಸಾಧನ ಎಂದೇ ಅವರ ತಿಳಿವಳಿಕೆ. ಆದ್ದರಿಂದ ಇಡೀ ಗ್ರಂಥಾಲಯಕ್ಕೆ ಕೇಳಿಸಿತು.

“ಏ ಸುಜಾತಾ! ಬಾವಿ ಮುಚ್ಚಾಕ ಜೆಸಿಬಿ ತಂದಾರ. ನಾ ಮೆಟ್ಟಲ ಮ್ಯಾಲ ಕುಂತೀನಿ. ನೀ ಕೋರ್ಟಿನಾಗ ಇರಾಕಿ, ಏನರ ತಗೊಂಡು ಬಾ!”

ಅಂಬರೀಶ ನಿದ್ದೆಯಿಂದೆದ್ದು, “ಯಾರ್ರಿ ಅದು, ಇಷ್ಟು ಚಲೋ ವಾದ ಮಾಡಾಕತ್ತಾರ?” ಎಂದರು. ಮೇಡಂ ಅವರನ್ನೇ ತಗೊಂಡು ಹೋದರು.

ಬಾವಿಯೆಂದರೆ ಊರ ಅಂಚಿನ ಹಳೆಯ ಮೆಟ್ಟಿಲು ಬಾವಿ. ಓಣಿಯ ಇಪ್ಪತ್ತೆರಡು ಮನೆಗಳಿಗೆ ನಳ ಬಂದಿದೆ, ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬಂದ ನೀರು ಸವಳು. ಅದರಲ್ಲಿ ಬೇಳೆ ಹಾಕಿದರೆ ಸಂಜೆಯವರೆಗೂ ಕಣ್ಣು ಬಿಟ್ಟುಕೊಂಡು ನೋಡುತ್ತದೆಯೇ ಹೊರತು ಬೇಯುವುದಿಲ್ಲ. ಕುಡಿಯಲು, ಅಡುಗೆಗೆ ಈ ಬಾವಿಯ ನೀರೇ ಗತಿ. ಬಾವಿಯ ಸುತ್ತಲಿನ ಹೊಲ ಅಕ್ಕಿ ಗಿರಣಿಯ ಮರಿಸ್ವಾಮಿಯವರದು. ಬಾವಿ ಮುಚ್ಚಿ, ಆ ಜಾಗದಲ್ಲಿ ಭತ್ತ ಒಣಗಿಸುವ ಕಟ್ಟೆ ಹಾಕಬೇಕೆಂಬುದು ಅವರ ಯೋಜನೆ. ಕೆಟ್ಟ ಮನುಷ್ಯರಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ, ಬಂದವರಿಗೆಲ್ಲ ಚಹಾ. ಬಾವಿಯ ದಂಡೆಯಲ್ಲೂ ಅಮರಮ್ಮನಿಗೆ ಚಹಾ ತರಿಸಿ ನಿಂತಿದ್ದರು.

“ಯವ್ವಾ, ಎದ್ದು ಮ್ಯಾಲ ಬಾ. ನಳ ಬಂದದ, ಟಾಕಿ ಬಂದದ. ಇನ್ನ ಎದಕ್ಕ ಈ ಪಾಚಿ ಮೆಟ್ಟಲ? ಜಾರಿ ಬಿದ್ದೀ.”

“ನಾ ಬಿದ್ರ ನೀ ಎತ್ತಬ್ಯಾಡ ತಗಿ. ಇದು ನಮ್ಮವ್ವ ಅಂಬಮ್ಮ ಕೋರ್ಟಿಗಿ ಹೋಗಿ ಗೆದ್ದ ಬಾವಿ.”

“ಯಾವ ಕೋರ್ಟು? ಕಾಗದ ಅದ ಏನು?”

“ಕಾಗದ ನಮ್ಮವ್ವನ ಬಾಯಾಗ ಇತ್ತು.”

“ಬಾಯಿಮಾತು ಕೋರ್ಟಿನಾಗ ನಡಿಯಂಗಿಲ್ಲಬೇ. ಬೇಕಂದ್ರ ನಿನ್ನ ಮಗಳಿಗೇ ಕೇಳು, ಓದಿದಾಕಿ,” ಎಂದು ಮರಿಸ್ವಾಮಿ ಮೇಡಂ ಕಡೆ ತಿರುಗಿದರು. ಅಜ್ಜಿ ಅಂಬಮ್ಮ ಕೇಸು ಗೆದ್ದ ಕಥೆಯನ್ನು ಮೇಡಂ ತೊಟ್ಟಿಲಿನಿಂದ ಕೇಳಿದ್ದರು. ಕೂಲಿ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಬಾವಿಯ ನೀರಿಗಾಗಿ ಅದಾಲತ್ತಿನ ಮೆಟ್ಟಿಲು ಹತ್ತಿ ಗೆದ್ದಳೆಂದರೆ ಊರಿನವರು ನಗುತ್ತಿದ್ದರು. ಒಳಗೊಳಗೆ ಮೇಡಂ ಕೂಡ ಪೂರ್ತಿ ನಂಬಿರಲಿಲ್ಲ. ಅದು ಅವರಿಗೆ ಈಗ ಚುಚ್ಚಿತು.

ಚುಚ್ಚಿಸಿಕೊಂಡವರ ಕಣ್ಣು ಚುರುಕಾಗುತ್ತದೆ. ಮೆಟ್ಟಿಲ ಪಕ್ಕದ ಗೂಡಿನಲ್ಲಿ ಓಣಿಯ ಹೆಂಗಸರು ತಲೆಮಾರುಗಳಿಂದ ಪೂಜಿಸುತ್ತಿದ್ದ ಗಂಗಮ್ಮನ ಕಲ್ಲಿತ್ತು. ಬೆರಳು ದಪ್ಪದ ಅರಿಶಿನ, ಅದರ ಮೇಲೆ ಕುಂಕುಮ. ಅರಿಶಿನ ಉದುರಿದ ಒಂದು ಮೂಲೆಯಲ್ಲಿ ಇರುವೆ ಸಾಲಿನಂಥ ಗೆರೆಗಳು. ಮೇಡಂ ಚೀಲದಿಂದ ಬ್ರಷ್ಷು ಹೊರತೆಗೆದರು.

“ಏ ಏ, ಶುಕ್ರವಾರ ದಿನ ದೇವರ ಮೈ ತಿಕ್ಕಬ್ಯಾಡ!” ಎಂದು ಹೆಂಗಸರು ಕೂಗಿದರು.

ಮೇಡಂ ತಿಕ್ಕಿದರು. ಅರಿಶಿನದ ಕೆಳಗಿನಿಂದ ಗಂಗಮ್ಮ ಹೊರಬರಲಿಲ್ಲ. ಉರ್ದು ಅಕ್ಷರ ಹೊರಬಂದವು: ‘ಮುನ್ಸಿಫ್ ಅದಾಲತ್, ದೇವದುರ್ಗ. ದಾವಾ ನಂಬರ್ 47. ಸನ್ 1351.’ ಎಂಬತ್ತು ವರ್ಷ ಹೆಂಗಸರು ಎಡೆ ಹಿಡಿದದ್ದು ಒಂದು ಕೇಸಿನ ನಂಬರಿಗೆ! ಗೆದ್ದವರ ಹಕ್ಕನ್ನು ಮುಂದೆ ಯಾರೂ ಅಲ್ಲಗಳೆಯಬಾರದೆಂದು ಆ ಮುನ್ಸಿಫರು ಕಲ್ಲಿನ ಮೇಲೇ ಬರೆಸಿಟ್ಟು ಹೋಗಿದ್ದರು.

ಸೋಮವಾರವೇ ಅಂಬರೀಶ ಓಣಿಯವರ ಪರವಾಗಿ ಮಾನ್ವಿ ಕೋರ್ಟಿನಲ್ಲಿ ದಾವೆ ಹೂಡಿದರು. ಕಲ್ಲಿನ ಮೇಲೆ ನಂಬರಿದೆ, ತೀರ್ಪಿಲ್ಲ ಎಂದರು ನ್ಯಾಯಾಧೀಶರು. ಮೂರು ವಾರದವರೆಗೆ ಬಾವಿ ಮುಟ್ಟಬಾರದು, ಅಷ್ಟರೊಳಗೆ ತೀರ್ಪು ತಂದು ತೋರಿಸಿ ಎಂದು ಆದೇಶಿಸಿದರು. ಸಿಗದಿದ್ದರೆ ಜೆಸಿಬಿ ಬರುತ್ತದೆ. ಅಷ್ಟೇ ವಿಷಯ.

ಮೊದಲ ದಂಡಯಾತ್ರೆ ಮರುದಿನವೇ ಹೊರಟಿತು. ದೇವದುರ್ಗದ ಹಳೆಯ ದಾಖಲೆಗಳ ಕೋಣೆಯನ್ನು ಕಾಯುವವರು ಸೂಗಪ್ಪ. ಮೂವತ್ತು ವರ್ಷದಿಂದ ಹಳೆಯ ಕಾಗದದ ನಡುವೆ ಇದ್ದು ಅವರೂ ಹಳದಿಯಾಗಿದ್ದಾರೆ.

“ಮೇಡಂ, ಈ ಕೋಣ್ಯಾಗ ಹುಡುಕಾಕ ಬಂದಾವ್ರು ಸಿಕ್ಕಾರ, ಹುಡುಕಿದ್ದು ಸಿಕ್ಕಿಲ್ಲ. ಆದ್ರೂ ಬರ್ರಿ, ಕುಂದರ್ರಿ. ಎಷ್ಟನೇ ಸನ್ನು?”

“ಕಲ್ಲಿನ ಮ್ಯಾಲ ಸಾವಿರದ ಮುನ್ನೂರ ಐವತ್ತೊಂದು ಅದರಿ.”

“ಐವತ್ತೊಂದರ ಬಸ್ತಾ ಇಲ್ಲೇ ಮುಂದ ಅದ ನೋಡ್ರಿ,” ಎಂದು ಸೂಗಪ್ಪ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ಕೈ ಹಾಕಿದರು.

“ತಡೀರಿ, ತಡೀರಿ. ಅದು ಹಂಗಲ್ಲ.” ಮೇಡಂ ಕನ್ನಡಕ ಏರಿಸಿದರು. ಇಲ್ಲಿ ಆ ಮಹಾಸೂತ್ರ ತನ್ನ ಪ್ರತಾಪ ತೋರಿಸಿತು. ಕಲ್ಲಾದರೆ ಹಿಜರಿ, ಹಿಜರಿ 1351 ಎಂದರೆ ನಮ್ಮ ಲೆಕ್ಕದಲ್ಲಿ 1932. ಕಾಗದವಾದರೆ ಫಸಲಿ, ಆದ್ದರಿಂದ ಅದೇ ವರ್ಷ ಕಾಗದದಲ್ಲಿ 1341 ಇಲ್ಲವೇ 1342 ಆಗಿರಬೇಕು. ಇದನ್ನೆಲ್ಲ ಮೇಡಂ ಹಾಳೆಯ ಮೇಲೆ ಕೂಡಿಸಿ ಕಳೆದು ವಿವರಿಸಿದರು. ಸೂಗಪ್ಪನವರ ಬಾಯಿ ತೆರೆದೇ ಇತ್ತು. ಕೈಗೆ ಬಂದಿದ್ದ ಬಸ್ತಾ ಹಿಂದಕ್ಕೆ ಹೋಯಿತು. ಅಟ್ಟದ ತುದಿಯಿಂದ ಏಣಿ ಹಾಕಿ ಬೇರೆ ಎರಡು ಬಸ್ತಾ ಇಳಿಸಲಾಯಿತು.

ಎರಡು ದಿನ ಹುಡುಕಿದರು. 1341ರಲ್ಲಿ ನಲವತ್ತೇಳನೆಯ ದಾವೆ ಇರಲೇ ಇಲ್ಲ. ನಲವತ್ತಾರಕ್ಕೇ ಆ ವರ್ಷದ ಜಗಳ ಮುಗಿದಿತ್ತು. 1342ರಲ್ಲಿ ಇತ್ತು. ಮೇಡಂ ಉಸಿರು ಹಿಡಿದು ಓದಿದರು. ಅದು ಒಂದು ಎಮ್ಮೆಯ ಒಡೆತನದ ವ್ಯಾಜ್ಯ. ಎರಡೂ ಕಡೆಯವರು ಎಮ್ಮೆಯ ಹಣೆಯ ಚುಕ್ಕೆಯ ಬಗ್ಗೆ ನಾಲ್ಕು ಪುಟ ಸಾಕ್ಷಿ ಹೇಳಿದ್ದರು.

ಈ ಸುದ್ದಿ ಮೇಡಂಗಿಂತ ಮುಂಚೆ ರಾಯಚೂರಿಗೆ ಬಂತು. ನಮ್ಮ ಸಂಘದಲ್ಲಿ ಕಾನೂನು ನಿಧಾನ, ಕುಚೋದ್ಯ ಬಲು ಚುರುಕು. “ಮೇಡಂ, ಬಾವಿ ಹುಡುಕಾಕ ಹೋಗಿ ಎಮ್ಮಿ ಹಿಡ್ಕೊಂಡು ಬಂದ್ರಂತ? ಹಿಂಡ್ತದೇನ್ರಿ?” ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಮೇಡಂ ಸ್ಟಾಂಪು ಕೂಡ ಕುಟ್ಟಲಿಲ್ಲ. ಅಂದು ಅಂಬರೀಶ ಸಂಜೆ ಆರರವರೆಗೆ ಮಲಗಿದರು.

ದಿನಗಳು ಹೀಗೇ ಕಳೆದು ವಾಯಿದೆಗೆ ಆರು ದಿನ ಉಳಿದಿತ್ತು. ಮೇಡಂ ಬೂದಿನಕಟ್ಟಿಗೆ ಹೋಗಿ ತಾಯಿಯ ಮುಂದೆ ಕುಳಿತು, “ಯವ್ವಾ, ಸಿಗಲಿಲ್ಲ. ಹತ್ತೊಂಬತ್ತನೂರ ಮೂವತ್ತೆರಡರ ಕಾಗದ ಎಲ್ಲಾ ನೋಡೀನಿ,” ಎಂದರು.

ಅಮರಮ್ಮ ಎಲೆ ಅಡಿಕೆ ಜಗಿಯುತ್ತಿದ್ದವರು ನಿಲ್ಲಿಸಿದರು. “ಎಷ್ಟರಾಗ?”

“ಮೂವತ್ತೆರಡು.”

“ಅಂದ್ರ ನಮ್ಮಣ್ಣ ಅಮರೇಶಗ ಈಗ ಎಷ್ಟು ವಯಸ್ಸು ಆಗತಿತ್ತು?”

“ಮಾವನ ಮಾತು ಈಗೆದಕ್ಕ? ಮಾವ ನಲವತ್ತೆರಡರಾಗ ಹುಟ್ಟ್ಯಾನ. ಪೆನ್ಶನ್ ಕಾಗದದಾಗ ಅದ, ಜೂನ್ ಒಂದು.”

“ಜೂನ್ ಒಂದು ಸುಳ್ಳು. ಆ ಮಾಸ್ತರ ಇಡೀ ಊರಿಗಿ ಜೂನ್ ಒಂದೇ ಬರದಾನ. ಆದ್ರ ವರ್ಷ ಸುಳ್ಳಲ್ಲ. ಕೇಳಿಲ್ಲಿ. ನಮ್ಮವ್ವ ಅದಾಲತ್ತಿಗೆ ಹೋದಾಗ ನಮ್ಮಣ್ಣ ಆಕಿ ಹೊಟ್ಯಾಗಿದ್ದ. ಬಸರಿ ಹೆಂಗ್ಸು ನಿಂತಾಳಂತ ಮುನ್ಸಿಫ ಸಾಹೇಬ ಸ್ಟೂಲ್ ಹಾಕಿಸಿದ್ದ. ಆ ಸ್ಟೂಲಿನ ಮಾತು ನಮ್ಮವ್ವ ಸಾಯೋತನಕ ಹೇಳ್ಯಾಳ. ನೀ ಹೇಳೋ ಮೂವತ್ತೆರಡರಾಗ ನಮ್ಮವ್ವ ಹತ್ತು ವರ್ಷದ ಪೋರಿ, ಕುರಿ ಕಾಯತಿದ್ಲು. ಕುರಿ ಹಾಕಿದ್ದೇನು ಕೇಸು?”

ನಲವತ್ತೆರಡು. ಮೂವತ್ತೆರಡಲ್ಲ. ಹೆಚ್ಚುಕಡಿಮೆ ಒಂಬತ್ತು ಹತ್ತು ವರ್ಷ. ಈ ಒಂಬತ್ತು ವರ್ಷವನ್ನು ಎಲ್ಲಿಯೋ ನೋಡಿದ್ದೇನಲ್ಲ ಎಂದುಕೊಂಡರು ಮೇಡಂ. ಕೂತಲ್ಲಿಂದಲೇ ದಾವಲ್ ಬೀ ಟೀಚರಿಗೆ ಫೋನು ಹಚ್ಚಿದರು.

“ಟೀಚರ್, ಅದಾಲತ್ತಿನವರು ಕಲ್ಲು ಕೆತ್ತಿಸಿದ್ರ ಯಾವ ಸನ್ನು ಹಾಕಸ್ತಾರ್ರಿ?”

“ಅರೇ ಪಗಲೀ!” ಎಂದರು ಟೀಚರ್. “ದರ್ಗಾದವ್ರು ಕಲ್ಲು ಕೆತ್ತಿಸಿದ್ರ ಹಿಜರಿ. ಅದಾಲತ್ತಿನವ್ರು ಕಲ್ಲ ಮ್ಯಾಲ ಬರೀಲಿ, ಬಾಳಿ ಎಲಿ ಮ್ಯಾಲ ಬರೀಲಿ, ಫಸಲಿನೇ ಬರೀತಾರ. ಅವರಿಗಿ ಬ್ಯಾರೇ ಏನು ಬರತದ? ನೀ ಬರೆದವ್ರು ಯಾರಂತ ನೋಡೋದು ಬಿಟ್ಟು ಬರೆದದ್ದು ಎದರ ಮ್ಯಾಲ ಅಂತ ನೋಡಿಯೇನು? ಕಿವಿ ತಾ ಇಲ್ಲಿ!”

ಮೇಡಂ ಫೋನನ್ನು ಕಿವಿಯಿಂದ ದೂರ ಹಿಡಿದರು. ಫಸಲಿ 1351 ಎಂದರೆ 1941–42, ಅಮರೇಶ ಮಾವ ಹೊಟ್ಟೆಯಲ್ಲಿದ್ದ ಕಾಲ. ನೂರಾರು ಕಲ್ಲು ಓದಿದ ಈ ವಿದ್ವಾಂಸರು, ಸೂಗಪ್ಪನವರು ಕೈಗಿಟ್ಟ ಬಸ್ತಾವನ್ನು ವಿದ್ವತ್ತಿನ ಬಲದಿಂದಲೇ ಹಿಂದಕ್ಕೆ ತಳ್ಳಿದ್ದರು. ಉರ್ದು ಬಾರದ, ಹಿಜರಿ ಕೇಳದ ಯಾರಾದರೂ ಪುಣ್ಯಾತ್ಮರು ಹೋಗಿದ್ದರೆ ಐದು ನಿಮಿಷದಲ್ಲಿ ತೀರ್ಪು ಹಿಡಿದು ಮಿರ್ಚಿ ಒಗ್ಗರಣೆ ತಿಂದು ಮನೆಗೆ ಬರುತ್ತಿದ್ದರು.

ಎರಡನೆಯ ದಂಡಯಾತ್ರೆಯಲ್ಲಿ ಟೀಚರೂ ಜೊತೆಗಿದ್ದರು. ಸೂಗಪ್ಪ ಇವರನ್ನು ಕಂಡೊಡನೆ ಏಣಿ ತರಲು ಹೋದರು.

“ಏಣಿ ಬ್ಯಾಡ್ರಿ ಸೂಗಪ್ಪನವರ. ಅವತ್ತು ನೀವು ಕೊಡಾಕ ಬಂದಿದ್ರಲ್ಲ, ಆ ಬಸ್ತಾನೇ ಕೊಡ್ರಿ.”

ಸೂಗಪ್ಪ ಬಸ್ತಾ ತಂದಿಟ್ಟು ಎದುರಿಗೆ ಕುಳಿತು ಮೀಸೆ ತಿರುವಿದರು. ಅಷ್ಟು ಅಧಿಕಾರ ಅವರಿಗಿತ್ತು.

ನಲವತ್ತೇಳನೆಯ ದಾವೆ ನಡುವಿನಲ್ಲಿತ್ತು. ‘ವಾದಿ: ಅಂಬಮ್ಮ, ಕೂಲಿ, ವಾಸ ಬೂದಿನಕಟ್ಟಿ.’ ಮೇಡಂ ಮುಂದೆ ಓದಿದರು. ಬಾವಿಯ ನೀರು ಊರಿನ ಯಾವ ಮನೆಯವರಿಗೂ, ಯಾವ ಜಾತಿಯವರಿಗೂ ತಡೆಯುವಂತಿಲ್ಲ; ಮೆಟ್ಟಿಲಿಳಿದು ಸೇದುವ ಹಕ್ಕು ವಾದಿಗೂ ಅವಳ ಓಣಿಯವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಕಾಯಂ; ತಡೆದವರಿಗೆ ಶಿಕ್ಷೆ. ಕೊನೆಯಲ್ಲಿ ಮುನ್ಸಿಫರು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದರು: ‘ವಾದಿಯು ಗರ್ಭಿಣಿಯಾದ್ದರಿಂದ ಕುಳಿತು ಹೇಳಿಕೆ ಕೊಡಲು ಅನುಮತಿಸಲಾಯಿತು.’

ಇಪ್ಪತ್ತು ವರ್ಷದಿಂದ ‘ಸದ್ದು ಮಾಡಬಾರದು’ ಬೋರ್ಡಿನ ಕೆಳಗೆ ಬಾಳಿದ ಆ ಗ್ರಂಥಪಾಲಕಿ ಆಗ ಹೊಡೆದ ಕೂಗಿಗೆ ದೇವದುರ್ಗದ ಕೋಟೆಯ ಮೇಲಿನ ಪಾರಿವಾಳಗಳು ಹಾರಿದವು ಎಂದು ಸೂಗಪ್ಪ ಇವತ್ತಿಗೂ ಹೇಳುತ್ತಾರೆ. “ಸ್ಟೂಲು! ಟೀಚರ್, ಸ್ಟೂಲು ಅದರಿ! ನಮ್ಮವ್ವ ಹೇಳಿದ್ದು ಖರೇ ಅದರಿ!” ಟೀಚರ್ ಕಣ್ಣೊರೆಸಿಕೊಂಡರು. ಆಮೇಲೆ, ಓದುವಾಗ ಒಂದು ಅಕ್ಷರ ತಪ್ಪಿ ಉಚ್ಚರಿಸಿದ್ದಕ್ಕೆ ಕಿವಿಯನ್ನೂ ಹಿಂಡಿದರು.

ವಾಯಿದೆಯ ದಿನ ಮಾನ್ವಿ ಕೋರ್ಟು ತುಂಬಿತ್ತು. ಓಣಿಯ ಇಪ್ಪತ್ತೆರಡು ಮನೆಗಳೂ ಬಂದಿದ್ದವು. ಎಮ್ಮೆಯ ಜೋಕು ಮಾಡಿದ್ದ ನಾವೂ ರಾಯಚೂರಿನಿಂದ ಕೆಲಸವಿಲ್ಲದಿದ್ದರೂ ಬಂದಿದ್ದೆವು. ಅಂಬರೀಶ ತೀರ್ಪಿನ ದೃಢೀಕೃತ ನಕಲನ್ನು, ಟೀಚರ್ ಮಾಡಿ ಸಹಿ ಹಾಕಿದ ಅನುವಾದವನ್ನು ಮುಂದಿಟ್ಟರು. ಪೂರ್ತಿ ಎಚ್ಚರವಾಗಿದ್ದರು. ಅದೇ ಒಂದು ದೃಶ್ಯ.

ಆದರೆ ಮರಿಸ್ವಾಮಿಯವರ ವಕೀಲೆ ವಿಜಯಶ್ರೀ ಸಾಮಾನ್ಯರಲ್ಲ. ನಮ್ಮಲ್ಲಿ ಕಾನೂನು ಬಲ್ಲ ಕೆಲವರಲ್ಲಿ ಒಬ್ಬರು. ಎದ್ದು ನಿಂತು ಶಾಂತವಾಗಿ ಹೇಳಿದರು: “ಸ್ವಾಮಿ, ಈ ತೀರ್ಪು ಆಗಿನ ಹೊಲದ ಮಾಲೀಕರ ಮೇಲೆ. ನನ್ನ ಕಕ್ಷಿದಾರರ ಅಜ್ಜ ಆಮೇಲೆ, 1353 ಫಸಲಿಯಲ್ಲಿ, ಹೊಲವನ್ನು ಬಾವಿ ಸಮೇತ ಕೊಂಡರು. ಯಾವ ಹಕ್ಕುಬಾಧ್ಯತೆ ಇದೆಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಕ್ರಯಪತ್ರದ ಫೋಟೊ ಪ್ರತಿ ಹಾಜರುಪಡಿಸಿದ್ದೇನೆ.”

ನ್ಯಾಯಾಧೀಶರು ಪ್ರತಿಯನ್ನು ತಿರುವಿ ಮುರುವಿ ನೋಡಿದರು.

“ಇದರಲ್ಲಿ ನಡುವೆ ಬೆಳ್ಳಗಿದೆಯಲ್ಲ? ನಾಲ್ಕೈದು ಸಾಲು ಕಾಣುವುದಿಲ್ಲ.”

“ಮೂಲಪತ್ರ ಗಾಜಿನ ಚೌಕಟ್ಟಿನಲ್ಲಿದೆ ಸ್ವಾಮಿ. ಮೇಲಿನಿಂದ ಫೋಟೊ ತೆಗೆದದ್ದು. ಕಂಡಷ್ಟನ್ನು ಓದಿಸಿದ್ದೇನೆ.”

“ಮೂಲಪತ್ರ ತನ್ನಿ. ಊಟವಾದ ಮೇಲೆ ನೋಡೋಣ.”

ಊಟವಾದ ಮೇಲೆ ಕೋರ್ಟಿನೊಳಗೆ ಒಂದು ಮೆರವಣಿಗೆ ಬಂತು. ಮುಂದೆ ಮರಿಸ್ವಾಮಿ, ಅವರ ತಲೆಯ ಮೇಲೆ ರೇಷ್ಮೆ ಶಲ್ಯದಲ್ಲಿ ಸುತ್ತಿದ ದೊಡ್ಡ ಕಟ್ಟು, ಅದರ ಮೇಲೆ ಆ ದಿನದ ಹೂಮಾಲೆ. ಗಿರಣಿಯ ಗಾದಿಯ ಹಿಂದೆ, ದೇವರ ಫೋಟೊಗಳ ಸಾಲಿನಲ್ಲಿ ಆ ಕ್ರಯಪತ್ರವೂ ಮೂರು ತಲೆಮಾರಿನಿಂದ ನಿಂತಿತ್ತು. ದಿನಾ ಊದುಬತ್ತಿ, ಸೋಮವಾರಕ್ಕೊಮ್ಮೆ ಗಾಜಿನ ಮೇಲೆ ಮೂರು ಬೆರಳ ವಿಭೂತಿ. ಅಜ್ಜ ಸಂಪಾದಿಸಿದ ಹೊಲದ ಪತ್ರ, ಮೊದಲ ಲಕ್ಷ್ಮಿ. ಮನೆಯಲ್ಲಿ ಯಾರಿಗೂ ಉರ್ದು ಬಾರದು, ಓದಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ದೇವರನ್ನು ಯಾರಾದರೂ ಓದಿಸುತ್ತಾರೆಯೆ? ಎಂಬತ್ತು ವರ್ಷದ ವಿಭೂತಿ ಗಾಜಿನ ನಡುಭಾಗದಲ್ಲಿ ಸುಣ್ಣದ ಗೋಡೆಯಂತೆ ಗಟ್ಟಿಯಾಗಿತ್ತು.

“ಇದನ್ನು ಒರೆಸಿ,” ಎಂದರು ನ್ಯಾಯಾಧೀಶರು.

ಮೇಡಂ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಮರಿಸ್ವಾಮಿ ಅಡ್ಡ ನಿಂತರು. “ಸ್ವಾಮಿ, ತಪ್ಪು ತಿಳೀಬ್ಯಾಡ್ರಿ. ನಮ್ಮಜ್ಜನ ಮ್ಯಾಲಿನ ವಿಭೂತಿ ಇದು. ಬ್ಯಾರೆಯವರು ಮುಟ್ಟಬಾರದ್ರಿ.”

“ಹಾಗಾದರೆ ನೀವೇ ಒರೆಸಿ.”

ಮರಿಸ್ವಾಮಿ ಕಣ್ಣು ಮುಚ್ಚಿ ಶಿವಶಿವಾ ಎಂದು ತಮ್ಮ ಶಲ್ಯದ ಚುಂಗಿನಿಂದ ಒರೆಸತೊಡಗಿದರು. ಕೋರ್ಟಿನಲ್ಲಿ ಬೂದಿಯ ಮೋಡ ಎದ್ದಿತು. ವಿಜಯಶ್ರೀ ಸೀನಿದರು. ಗಾಜು ತಿಳಿಯಾಯಿತು. ನ್ಯಾಯಾಧೀಶರು ತಲೆಯಾಡಿಸಿದೊಡನೆ ದಾವಲ್ ಬೀ ಟೀಚರ್ ಮುಂದೆ ಬಂದು, ಶಾಲೆಯಲ್ಲಿ ಹಾಜರಿ ಕರೆಯುವ ಧ್ವನಿಯಲ್ಲಿ ಓದಿ ಕನ್ನಡಕ್ಕೆ ಹೇಳಿದರು:

“ಸದರಿ ಹೊಲದಾಗಿನ ಬಾವಿ, ಅದರ ಮೆಟ್ಟಲ, ಮೆಟ್ಟಲಿಗಿ ಹೋಗೋ ದಾರಿ, ಈ ಖರೀದಿಯಾಗ ಸೇರಿಲ್ಲ. ದೇವದುರ್ಗ ಅದಾಲತ್ತಿನ ದಾವಾ ನಂಬರ್ ನಲವತ್ತೇಳು, ಸನ್ ಹದಿಮೂರನೂರ ಐವತ್ತೊಂದರ ಪ್ರಕಾರ ಅವು ಊರಿನ ಎಲ್ಲಾ ಮಂದಿಗಿ ಸೇರಿದ್ದು. ಇದು ನನಗ ಗೊತ್ತದ. ನಾನಾಗಲಿ ನನ್ನ ವಂಶದವರಾಗಲಿ ಇದಕ್ಕ ಅಡ್ಡಿ ಮಾಡಂಗಿಲ್ಲ ಅಂತ ಶಿವನ ಆಣಿ ಮಾಡಿ ಬರೆಸೀನಿ.”

ಗೋಡೆಯ ಹಲ್ಲಿ ಕೂಡ ತೀರ್ಪಿಗೆ ಕಾಯುತ್ತಿತ್ತು. ಅಂಬರೀಶ ಬಾಯಿ ತೆರೆದು ಮುಚ್ಚಿದರು. ಹೇಳಲು ಏನೂ ಉಳಿದಿರಲಿಲ್ಲ, ವಕೀಲರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ. ವಿಜಯಶ್ರೀ ಕಡತ ಮಡಿಚಿ, ಸೋತವರಿಗಿಂತ ಹೆಚ್ಚಾಗಿ ನಗು ತಡೆಯುವವರಂತೆ ಕುಳಿತರು.

ಮರಿಸ್ವಾಮಿ ಗಾಜಿನ ಕಟ್ಟನ್ನೇ ನೋಡುತ್ತ ನಿಂತಿದ್ದರು. “ಇನ್ನೊಮ್ಮಿ ಓದ್ರಿ ಟೀಚರಮ್ಮ,” ಎಂದರು. ಟೀಚರ್ ಓದಿದರು. “ಶಿವನ ಆಣಿ ಅಂತ ಖರೇನ ಅದನ್ರಿ?”

“ನಾ ಯಾಕ ಸುಳ್ಳು ಓದ್ಲಿ? ದಪ್ಪಗ ಬರದದ.”

“ಹಂಗಾದ್ರ ಮುಗೀತು.” ಮರಿಸ್ವಾಮಿ ನ್ಯಾಯಾಧೀಶರ ಕಡೆ ತಿರುಗಿ ಕೈಮುಗಿದರು. “ಅಜ್ಜ ಬರೆಸಿದ್ದು ಅಜ್ಜ ಬರೆಸಿದ್ದೇ ಸ್ವಾಮಿ. ಬಾವಿ ಓಣಿಯವರದು, ಊರಿನವರದು. ನಾ ಮುಚ್ಚಂಗಿಲ್ಲ, ನನ್ನ ಮಕ್ಕಳೂ ಮುಚ್ಚಂಗಿಲ್ಲ. ಬರ್ಕೊಳ್ಳರಿ.”

ಬರೆದುಕೊಂಡರು. ಹೊರಗೆ ಬಂದೊಡನೆ ನಾವೆಲ್ಲ ಮೇಡಂಗೆ ಹಾರ ಹಾಕಲು ಹೋದೆವು. ಹಾರ ತರುವುದನ್ನು ಯಾರೂ ನೆನಪಿಟ್ಟಿರಲಿಲ್ಲವಾದ್ದರಿಂದ ಕ್ರಯಪತ್ರದ ಮಾಲೆಯನ್ನೇ ಮರಿಸ್ವಾಮಿ ತೆಗೆದುಕೊಟ್ಟರು. ಆ ಸಂಜೆಯೇ ಅವರು ಗಾದಿಯ ಹಿಂದಿದ್ದ ಇನ್ನೊಂದು ಉರ್ದು ಕಟ್ಟನ್ನು ಬಗಲಲ್ಲಿ ಹಿಡಿದು ಟೀಚರ ಮನೆಗೆ ಓಡಿದರಂತೆ, ಅದರಲ್ಲಿ ಅಜ್ಜ ಇನ್ನೇನು ಬಿಟ್ಟುಕೊಟ್ಟಿದ್ದಾರೋ ಎಂಬ ಭಯದಿಂದ. ಟೀಚರ್ ಓದಿದರು: ಅದು ಅಜ್ಜನ ಸೈಕಲ್ಲಿನ ಲೈಸೆನ್ಸು.

ಒಂದು ವಾರ ಕಳೆದು ಬಾವಿಯ ಹೂಳೆತ್ತಿದರು. ಮೋಟರು, ಡೀಸೆಲ್ಲು ಮರಿಸ್ವಾಮಿಯವರವು. ಕೆಲಸ ಓಣಿಯವರದು. ಮೇಲ್ವಿಚಾರಣೆ ಸುಜಾತಾ ಮೇಡಂದು. ಹೂಳಿನಲ್ಲಿ ಬಂದ ಪ್ರತಿ ಕಲ್ಲನ್ನೂ ತಿರುಗಿಸಿ ನೋಡಿ, ಅಕ್ಷರವಿಲ್ಲವೆಂದು ಖಾತ್ರಿಯಾದ ಮೇಲೆ ದಂಡೆಗೆ ಹಾಕಲು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ತಳದ ಬಂಡೆಯ ಸಂದಿಯಿಂದ ಹೊಸ ನೀರು ಬುಗ್ಗೆಯೆದ್ದಿತು. ಅಮರಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು, ಮೊದಲ ಕೊಡ ತುಂಬಿಸಿಕೊಂಡು ಬಂದು, ದಂಡೆಯ ಮೇಲೆ ನಿಂತಿದ್ದ ಮರಿಸ್ವಾಮಿಯವರ ಮುಂದೆ ತಂಬಿಗೆ ಹಿಡಿದರು.

ಮರಿಸ್ವಾಮಿ ಓಣಿಯವರಿಗೆ ಎಷ್ಟೋ ಚಹಾ ಕುಡಿಸಿದವರು. ಅವರ ಮನೆತನದಲ್ಲಿ ಓಣಿಯವರ ಕೈಯಿಂದ ನೀರು ಕುಡಿದವರು ಮಾತ್ರ ಈವರೆಗೆ ಯಾರೂ ಇರಲಿಲ್ಲ.

“ಕುಡಿಯೋ ಯಪ್ಪಾ,” ಎಂದರು ಅಮರಮ್ಮ. “ನಿಮ್ಮಜ್ಜ ಏನು ಬರೆಸ್ಯಾನ? ಊರಿನ ಎಲ್ಲಾ ಮಂದಿಗಿ ಅಂತ. ನೀನೇನು ಬ್ಯಾರೆ ಊರಾವನೇನು?”

ಮರಿಸ್ವಾಮಿ ತಂಬಿಗೆ ತೆಗೆದುಕೊಂಡು ಒಂದೇ ಉಸಿರಿಗೆ ಖಾಲಿ ಮಾಡಿದರು. ಮೀಸೆ ಒರೆಸಿಕೊಂಡು, ತಂಬಿಗೆ ಮತ್ತೆ ಮುಂದೆ ಚಾಚಿ, “ಇಂಥಾ ನೀರಿಟ್ಕೊಂಡು ನಾ ಇಷ್ಟು ವರ್ಷ ಬಾಟ್ಲಿ ನೀರು ಕುಡಿಯಾಕತ್ತೀನಿ ನೋಡಬೇ. ಇನ್ನೊಂದು ತುಂಬು,” ಎಂದರು.